ನಲವತ್ತೇಳನೆಯ ಕೊಲ್ಲಿಯ ಮಾಲೀಕರು

ಇಬಾದಾನ್ ನಗರದ ಮೊಲೆಟೆ ಬಡಾವಣೆಯಲ್ಲಿರುವ ನಮ್ಮ ಬೀದಿಯಲ್ಲಿ ಮನುಷ್ಯರು ಎರಡು ಬಗೆ. ಕೈಯಿರುವ ಕುರ್ಚಿಯಲ್ಲಿ ಕೂರುವವರು ಒಂದು, ಕಿಟಕಿಯ ಹಿಂದೆ ನಿಂತು ಕೇಳುವವರು ಇನ್ನೊಂದು. ಮೊದಲನೆಯವರು ಮನೆ ಮಾಲೀಕರು. ಎರಡನೆಯವರು ಬಾಡಿಗೆದಾರರು. ತಿಂಗಳ ಕೊನೆಯ ಶನಿವಾರ ಮಾಲೀಕರ ಸಂಘದ ಸಭೆ. ಕಾವಲುಗಾರನ ಸಂಬಳ, ಚರಂಡಿಯ ಕೆಸರು, ಸುಟ್ಟುಹೋದ ಟ್ರಾನ್ಸ್‌ಫಾರ್ಮರ್, ಬೀದಿಯ ಗೇಟಿಗೆ ಎಷ್ಟು ಹೊತ್ತಿಗೆ ಬೀಗ ಹಾಕಬೇಕು, ಎಲ್ಲವೂ ಅಲ್ಲಿ ತೀರ್ಮಾನವಾಗುತ್ತದೆ. ತೀರ್ಮಾನ ಅವರದು, ಹಣ ನಮ್ಮದು. ಇದನ್ನು ಯಾರೂ ಅನ್ಯಾಯ ಎನ್ನುವುದಿಲ್ಲ. ಒಂದಲ್ಲ ಒಂದು ದಿನ ತಾನೂ ಆ ಕುರ್ಚಿಯಲ್ಲಿ ಕೂರುತ್ತೇನೆಂದು ಪ್ರತಿಯೊಬ್ಬ ಬಾಡಿಗೆದಾರನೂ ನಂಬಿರುವುದರಿಂದ ಕುರ್ಚಿಯ ಕಾಲು ಮುರಿಯಲಿ ಎಂದು ಯಾರೂ ಬಯಸುವುದಿಲ್ಲ.

ಸಭೆ ಸೇರುವುದು ನಮ್ಮ ಅಂಗಳದಲ್ಲೇ. ಸಂಘದ ಅಧ್ಯಕ್ಷರು ನಮ್ಮ ಮನೆಯ ಮಾಲೀಕರಾದ ಅಲ್ಹಾಜಿ ಗನಿಯು. ಅವರನ್ನು ಹೆಸರು ಹಿಡಿದು ಕರೆಯುವವರು ಈ ಬೀದಿಯಲ್ಲಿಲ್ಲ. ಡಾಕ್ಟರನ್ನು ಡಾಕ್ಟರೇ ಎನ್ನುವ ಹಾಗೆ ಅವರನ್ನು ‘ಲ್ಯಾಂಡ್‌ಲಾರ್ಡ್’ ಎನ್ನುತ್ತಾರೆ. ಪದವಿಯಿಂದ ನಿವೃತ್ತಿಯಿಲ್ಲ, ಪರೀಕ್ಷೆಯಂತೂ ಮೊದಲೇ ಇಲ್ಲ.

ಆ ಅಂಗಳದ ಮುಂದಿನ ಎರಡು ಕೋಣೆಗಳಲ್ಲಿ ಹತ್ತೊಂಬತ್ತು ವರ್ಷಗಳಿಂದ ಬಾಡಿಗೆಗಿದ್ದವರು ಸುಬೇರು ಅಜಾದಿ ಮೇಷ್ಟ್ರು. ಸರ್ಕಾರಿ ಶಾಲೆಯಲ್ಲಿ ಭೂಗೋಳ ಕಲಿಸಿ ನಿವೃತ್ತರಾದವರು. ಮಗಳು ಮೊದೀನಾ ಮದುವೆಯಾಗಿ ಇಲೊರಿನ್ ಸೇರಿದ್ದಳು. ಆದರೂ ಬೀದಿಗೆ ಅವರು ಬಾಬಾ ಮೊದೀನಾ, ಅಂದರೆ ಮೊದೀನಾಳ ಅಪ್ಪ, ಅವರ ಹೆಂಡತಿ ಇಯಾ ಮೊದೀನಾ, ಮೊದೀನಾಳ ಅಮ್ಮ. ಆಕೆ ಮನೆಯ ಜಗಲಿಯ ಮೇಲೆ ಒಲೆ ಹೂಡಿ ಬೆಳಗ್ಗೆ ಬೆಳಗ್ಗೆ ಅಲಸಂದೆ ರುಬ್ಬಿದ ಹಿಟ್ಟಿನಿಂದ ಅಕಾರಾ ಕರಿಯುತ್ತಿದ್ದರು. ಪೆನ್ಶನ್ ಬಾರದ ವರ್ಷಗಳಲ್ಲಿ ಆ ಮನೆಯ ಊಟ, ಮೊದೀನಾಳ ಮದುವೆ, ಮೇಷ್ಟ್ರ ಕನ್ನಡಕ, ಎಲ್ಲವೂ ಬಂದದ್ದು ಆ ಬಾಣಲೆಯಿಂದ. ಗಿರಾಕಿಗಳು ಮೂರು ಬೀದಿ ದಾಟಿ ಬರುತ್ತಿದ್ದರು. ಜಗಲಿ ಬದಲಾದರೆ ಬರುತ್ತಾರೆಂದು ಹೇಳುವಂತಿರಲಿಲ್ಲ. ಅಕಾರಾ ತಿನ್ನುವವರು ರುಚಿಗಿಂತ ಹೆಚ್ಚಾಗಿ ದಾರಿಗೆ ನಿಷ್ಠರು.

ಮೇಷ್ಟ್ರಿಗೆ ಅಕನ್ರಾನ್ ರಸ್ತೆಯಲ್ಲಿ ತಂದೆಯಿಂದ ಬಂದ ಒಂದು ನಿವೇಶನವಿತ್ತು. ಎಂದಾದರೂ ಅಲ್ಲಿ ಎರಡು ಕೋಣೆ, ಒಂದು ಅಡುಗೆಮನೆ ಎಬ್ಬಿಸಬೇಕೆಂದು ಇಯಾ ಮೊದೀನಾರ ಲೆಕ್ಕ. ಹೀಗಿರುವಾಗ ಮೇಷ್ಟ್ರು ಒಂದು ಹೋಟೆಲಿನ ಸಭಾಂಗಣಕ್ಕೆ ಹೋದರು. ವಿದೇಶದಲ್ಲಿ ಆಸ್ತಿ ಕೊಂಡು, ಮಲಗಿದಲ್ಲೇ ಪೌಂಡಿನಲ್ಲಿ ಬಾಡಿಗೆ ಎಣಿಸುವುದು ಹೇಗೆ ಎಂಬ ಬಗ್ಗೆ ಅಲ್ಲಿ ಉಚಿತ ಉಪನ್ಯಾಸ. ಟೈ ಕಟ್ಟಿದ ಒಬ್ಬ ಯುವಕ ಮಾತಾಡಿದ. ಹೊರಗೆ ಜನರೇಟರ್ ಅವನಿಗಿಂತ ಜೋರಾಗಿ ಮಾತಾಡಿತು. ಸಮೋಸಾ, ಪಫ್‌ಪಫ್ ಎಂಬ ಸಿಹಿ ಬೋಂಡಾ ಹಂಚಿದರು. ಮೇಷ್ಟ್ರಿಗೆ ಉಪನ್ಯಾಸದಲ್ಲಿ ಕೇಳಿಸಿದ್ದು ಇಷ್ಟು: ಉತ್ತರ ಇಂಗ್ಲೆಂಡಿನಲ್ಲಿ ಡಾರ್ಲಿಂಗ್‌ಟನ್ ಎಂಬ ಊರು. ಅಲ್ಲಿ ‘ಬೇ ನಲವತ್ತೇಳು’ ಎಂಬ ಆಸ್ತಿ. ಸುತ್ತ ಬೇಲಿ, ಗೇಟು, ಕಾವಲು, ಇಪ್ಪತ್ನಾಲ್ಕು ಗಂಟೆಯೂ ದೀಪ. ಬಾಡಿಗೆಗೆ ಬರುವವರು ಸಾಲುಗಟ್ಟಿ ನಿಂತಿರುತ್ತಾರೆ.

ಭೂಗೋಳದವರಿಗೆ ‘ಬೇ’ ಎಂದರೆ ಒಂದೇ ಅರ್ಥ: ಮೂರು ಕಡೆ ನೆಲ, ಒಂದು ಕಡೆ ಕಡಲು. ಅಂದರೆ ಕೊಲ್ಲಿ. ಅಲ್ಲಿ ಒಟ್ಟು ಎಷ್ಟು ಬೇಗಳಿವೆ ಎಂದು ಮೇಷ್ಟ್ರು ಎದ್ದು ನಿಂತು ಕೇಳಿದರು. ಅರವತ್ತು ಎಂದ ಯುವಕ. ಅಷ್ಟೊಂದು ಕೊಲ್ಲಿಗಳಿರುವ ತೀರ ನಾರ್ವೆಯದು ಮಾತ್ರ ಎಂದು ಅವರು ಸೇವೆಯುದ್ದಕ್ಕೂ ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದರು. ಮನೆಗೆ ಬಂದು ಅಟ್ಲಾಸ್ ತೆರೆದರೆ ಡಾರ್ಲಿಂಗ್‌ಟನ್ ಕಡಲಿನಿಂದ ಒಂದು ಬೆರಳಿನಷ್ಟು ಒಳಗಿತ್ತು. ಬೇರೆಯವರಾದರೆ ಅನುಮಾನಿಸುತ್ತಿದ್ದರು. ಮೇಷ್ಟ್ರು ವಿದ್ಯಾವಂತರು. ಅಟ್ಲಾಸ್ ಅಚ್ಚಾದದ್ದು ಸ್ವಾತಂತ್ರ್ಯಕ್ಕೆ ಮುಂಚೆ, ಅಲ್ಲಿಂದೀಚೆಗೆ ಕಡಲು ಮುಂದೆ ಬಂದಿರಬೇಕು ಎಂದು ತೀರ್ಮಾನಿಸಿದರು.

ನಿವೇಶನ ಮಾರುವ ಮುನ್ನ ಹೆಂಡತಿಯನ್ನು ಕೇಳಲಿಲ್ಲ ಎಂದು ಯಾರೂ ದೂರುವಂತಿಲ್ಲ. ಕೇಳಿದರು. ಆಕೆ ಬೇಡ ಎಂದರು. ಅದನ್ನು ಮೇಷ್ಟ್ರು ‘ನೋಡೋಣ’ ಎಂದು ತಿದ್ದಿಕೊಂಡರು. ಹೀಗೆ ಅಕನ್ರಾನ್ ರಸ್ತೆಯ ನೆಲ ಹೋಗಿ ಇಂಗ್ಲೆಂಡಿನ ಕೊಲ್ಲಿ ಬಂತು.

ಆ ತಿಂಗಳ ಸಭೆಗೆ ಮೇಷ್ಟ್ರು ಬಿಳಿಯ ಅಗ್ಬಾದಾ ನಿಲುವಂಗಿ ತೊಟ್ಟು, ಟೋಪಿ ಓರೆ ಮಾಡಿಕೊಂಡು, ಕೈಯಿರುವ ಒಂದು ಹೊಸ ಪ್ಲಾಸ್ಟಿಕ್ ಕುರ್ಚಿಯನ್ನು ತಾವೇ ಹೊತ್ತುಕೊಂಡು ಬಂದರು. ನಾವೆಲ್ಲ ನಮ್ಮ ನಮ್ಮ ಕಿಟಕಿಗಳಲ್ಲಿದ್ದೆವು. ಸಂಘದ ಸೆಕ್ರೆಟರಿ ಫಲಾದೆ ನ್ಯಾಯಾಲಯದಲ್ಲಿ ಗುಮಾಸ್ತರಾಗಿದ್ದವರು. ಅವರು ಕನ್ನಡಕದ ಮೇಲಿನಿಂದ ನೋಡಿದರು.

“ಬಾಬಾ ಮೊದೀನಾ, ಬಾಡಿಗೆದಾರರ ದೂರು ತಗೊಳ್ಳೋದು ನಾಳೆ.”

“ದೂರು ಕೊಡೋಕೆ ಬಂದಿಲ್ಲ ಸೆಕ್ರೆಟರಿ. ಕೂರೋಕೆ ಬಂದಿದೀನಿ.”

ಮುಂದಿನ ಒಂದು ಗಂಟೆಯ ಚರ್ಚೆಯನ್ನು ಚಿಕ್ಕದಾಗಿ ಹೇಳುತ್ತೇನೆ. ಮಾಲೀಕ ಎಂದರೆ ಯಾರು ಎಂದು ಸಂಘದ ನಿಯಮ ಮೂರು ಮಾತಿನಲ್ಲಿ ಹೇಳುತ್ತದೆ: ಜಾಗ ಇರಬೇಕು, ಅಲ್ಲಿ ಬಾಡಿಗೆಯವರು ಇರಬೇಕು, ಬಾಡಿಗೆ ಬರಬೇಕು. ಯಾವ ದೇಶದಲ್ಲಿ ಎಂದು ಬರೆದಿಲ್ಲ. ನಿಯಮ ಬರೆಯುವಾಗ ಯಾರಿಗೂ ಮೊಲೆಟೆಯ ಆಚೆ ಜಗತ್ತಿದೆ ಎಂದು ಹೊಳೆದಿರಲಿಲ್ಲ. ಇಂಗ್ಲೆಂಡಿನ ಮಾಲೀಕ ಇಂಗ್ಲೆಂಡಿನ ಸಂಘಕ್ಕೆ ಹೋಗಲಿ ಎಂದರು ಒಬ್ಬರು. ಪೌಂಡಿನಲ್ಲಿ ಬಾಡಿಗೆ ಬರುವವನು ಟ್ರಾನ್ಸ್‌ಫಾರ್ಮರ್ ವಂತಿಗೆಯನ್ನು ಎರಡರಷ್ಟು ಕೊಡಬಲ್ಲ ಎಂದರು ಇನ್ನೊಬ್ಬರು. ಆ ಕ್ಷಣದಿಂದ ಜಗತ್ತು ಮೊಲೆಟೆಯವರೆಗೂ ಹಬ್ಬಿತು. ಮೇಷ್ಟ್ರು ಸದಸ್ಯರಾದರು. ಹೊಸ ಸದಸ್ಯರ ಆಸ್ತಿಯನ್ನು ಸಮಿತಿ ಹೋಗಿ ಪರೀಕ್ಷಿಸಬೇಕೆಂಬ ನಿಯಮವೂ ಇತ್ತು. ಚರಂಡಿ, ಬೇಲಿ, ದೀಪ ನೋಡಿ ಬರಬೇಕು. ತಕ್ಷಣ ಇಬ್ಬರು ಮಾಲೀಕರು ತಮ್ಮ ಪಾಸ್‌ಪೋರ್ಟ್ ಸಿದ್ಧವಾಗಿದೆ ಎಂದರು. ಖರ್ಚು ಯಾರದು ಎಂದು ಫಲಾದೆ ಕೇಳಿದ ಮೇಲೆ ಪರೀಕ್ಷೆ ಮುಂದಕ್ಕೆ ಹೋಯಿತು.

ಇಷ್ಟೂ ಹೊತ್ತು ಅಧ್ಯಕ್ಷರು ತಮ್ಮ ಬಾಡಿಗೆದಾರನ ಕುರ್ಚಿಯನ್ನು ನೋಡುತ್ತಿದ್ದರು. ಅದು ಅವರದಕ್ಕಿಂತ ಹೊಸದು.

ಮಾರನೆಯ ಬೆಳಗ್ಗೆ ಅನಾಹುತವಾಯಿತು. ದಿನವೂ ಅಲ್ಹಾಜಿ ಬಾಯಲ್ಲಿ ಹಲ್ಲುಕಡ್ಡಿ ಇಟ್ಟುಕೊಂಡು ಅಂಗಳಕ್ಕೆ ಬರುವ ಹೊತ್ತಿಗೆ ಮೇಷ್ಟ್ರು ಎದುರಿಗೆ ಹೋಗಿ, ಬಲಗೈ ನೆಲಕ್ಕೆ ಮುಟ್ಟುವಷ್ಟು ಬಾಗಿ, ನಿದ್ದೆ ಹೇಗೆ, ಮನೆಯವರು ಹೇಗೆ, ಮೊಣಕಾಲು ಹೇಗೆ ಎಂದು ಒಂದೊಂದಾಗಿ ವಿಚಾರಿಸುವುದು ವಾಡಿಕೆ. ಅಂದು ಮೇಷ್ಟ್ರು ಕಂಬದ ಹಾಗೆ ನಿಂತರು. ಕೈ ಮುಂದೆ ಚಾಚಿ “ಲ್ಯಾಂಡ್‌ಲಾರ್ಡ್, ಗುಡ್ ಮಾರ್ನಿಂಗ್” ಎಂದರು. ಅದು ಬಾಡಿಗೆದಾರ ಮಾಲೀಕನಿಗೆ ಹೇಳುವ ಧಾಟಿಯಲ್ಲ. ಒಬ್ಬ ಗವರ್ನರ್ ಇನ್ನೊಬ್ಬ ಗವರ್ನರಿಗೆ ಹೇಳುವ ಧಾಟಿ. ಅಲ್ಹಾಜಿಯ ಹಲ್ಲುಕಡ್ಡಿ ಅರ್ಧ ಗಂಟಲಿಗೆ ಇಳಿದು ವಾಪಸ್ಸು ಬಂತು. ಅವರು ಆ ಕೈಯನ್ನು ಕುಲುಕಲಿಲ್ಲ. ಅಲ್ಲೇನೋ ಮಾರಾಟಕ್ಕಿಟ್ಟಿದೆ ಎಂಬಂತೆ ನೋಡಿ ಒಳಗೆ ಹೋದರು.

ಆರು ಬೆಳಗುಗಳು ಹೀಗೆಯೇ ಕಳೆದವು. ಏಳನೆಯ ಬೆಳಗ್ಗೆ ಅಲ್ಹಾಜಿ ಜಗಲಿಯ ಹತ್ತಿರ ಬಂದು, ಬಾಣಲೆಯ ಮುಂದೆ ಕೂತಿದ್ದ ಇಯಾ ಮೊದೀನಾರಿಗೂ ಕೇಳುವ ಹಾಗೆ, ತುಂಬ ನಯವಾಗಿ ಮಾತಾಡಿದರು.

“ಬಾಬಾ ಮೊದೀನಾ, ನೀವು ಈಗ ಲ್ಯಾಂಡ್‌ಲಾರ್ಡ್. ನಾನೂ ಲ್ಯಾಂಡ್‌ಲಾರ್ಡ್. ಒಂದೇ ಅಂಗಳದಲ್ಲಿ ಇಬ್ಬರಿದ್ರೆ ಪಂಪು ಕೆಟ್ಟಾಗ ಜನ ಯಾರನ್ನ ಬೈಬೇಕು? ಪಾಪ, ಅವರಿಗೆ ಗೊಂದಲ ಆಗುತ್ತೆ. ಈದ್ ಹಬ್ಬ ಮುಗಿದ ಮೇಲೆ ನೀವು ನಿಮ್ಮ ಮನೆಗೆ ಹೋಗಿಬಿಡಿ.”

ಹತ್ತೊಂಬತ್ತು ವರ್ಷಗಳಲ್ಲಿ ಅಲ್ಹಾಜಿ ಮೇಷ್ಟ್ರನ್ನು ‘ನೀನು’ ಎಂದೇ ಕರೆದವರು. ಆ ‘ನೀವು’ ಕೇಳಿ ಇಯಾ ಮೊದೀನಾರ ಕೈಯ ಸೌಟು ನಿಂತಿತು. ಒಂದು ಸುತ್ತು ಅಕಾರಾ ಸೀದು ಕಪ್ಪಾಯಿತು.

ಮೇಷ್ಟ್ರು ಮಾತ್ರ, ಎಲ್ಲರೂ ತಮ್ಮನ್ನು ಗೌರವಿಸತೊಡಗಿದ್ದಾರೆ ಎಂದುಕೊಂಡರು.

ಇಯಾ ಮೊದೀನಾ ಅಂದೇ ಅಲ್ಹಾಜಿಯ ಬಾಗಿಲಿಗೆ ಹೋಗಿ ಮೊಣಕಾಲೂರಿ ಕೂತರು. ಅಲ್ಹಾಜಿ ತಮಗೆ ಯಾರ ಮೇಲೂ ಕೋಪವಿಲ್ಲ ಎಂದರಂತೆ. ಅವನು ಬಾಡಿಗೆದಾರನಾದರೆ ಇನ್ನೂ ಹತ್ತೊಂಬತ್ತು ವರ್ಷ ಇರಲಿ, ಮಾಲೀಕನಾದರೆ ಹೊರಡಲಿ, ಎರಡರಲ್ಲಿ ಯಾವುದೆಂದು ಅವನೇ ಹೇಳಲಿ ಎಂದರಂತೆ. ಆಕೆ ಬಂದು ಗಂಡನಿಗೆ ಹೇಳಿದರು. ಹೋಗೋದಾದರೂ ಎಲ್ಲಿಗೆ, ಇದ್ದ ನೆಲವನ್ನು ಮಾರಿ ಆಯಿತು, ಒಂದು ಸಲ ಬಾಗಿದರೆ ಮುಗಿಯಿತಲ್ಲ ಎಂದರು. ಇಂಗ್ಲೆಂಡಿನಲ್ಲಿ ಕೊಲ್ಲಿ ಇರುವವನು ಮೊಲೆಟೆಯಲ್ಲಿ ಬಾಗುವುದು ಸಂಘದ ಮರ್ಯಾದೆಗೆ ಕುಂದು ಎಂದು ಮೇಷ್ಟ್ರು ವಿವರಿಸಿದರು. ಸಂಘದ ಮರ್ಯಾದೆಯ ಹೊಣೆ ಆ ವಾರವಷ್ಟೇ ಅವರ ಹೆಗಲಿಗೆ ಬಂದಿತ್ತು.

ಅಷ್ಟರಲ್ಲಿ ಡಾರ್ಲಿಂಗ್‌ಟನ್‌ನಿಂದ ಫೋನು ಬಂತು. ಆಸ್ತಿ ನೋಡಿಕೊಳ್ಳುವ ಕಚೇರಿಯ ಜೋ ಎಂಬ ಹುಡುಗಿ. ಬೀದಿಯೂ ಕೇಳಲಿ ಎಂದು ಮೇಷ್ಟ್ರು ಅಕಾರಾ ಗಿರಾಕಿಗಳು ತುಂಬಿದ್ದ ಹೊತ್ತಿನಲ್ಲಿ ಜಗಲಿಯ ಮೇಲೆ ಸ್ಪೀಕರ್ ಹಾಕಿ ನಿಂತರು. ಜೋ ಮೂಗಿನಲ್ಲಿ ಮಾತಾಡುತ್ತಿದ್ದಳು. ಎಣ್ಣೆಯ ಸದ್ದು ಬೇರೆ. ಎಲ್ಲರಿಗೂ ಕೇಳಿಸಿದ್ದು ಬಿಡಿ ಪದಗಳು: ಜಫೀರಾ, ಸಿಲ್ವರ್, ಸಂಜೆ ಏಳಕ್ಕೆ ಒಳಗೆ, ಬೆಳಗ್ಗೆ ಎಂಟಕ್ಕೆ ಹೊರಗೆ, ಒಂದಿಷ್ಟೂ ತೊಂದರೆಯಿಲ್ಲ.

ಇಲ್ಲಿ ನಮ್ಮ ಭಾಷೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಯೊರುಬಾದಲ್ಲಿ ಗಂಡಸು ಬಂದರೂ ‘ಓ’, ಹೆಂಗಸು ಬಂದರೂ ‘ಓ’, ಮೇಕೆ ಬಂದರೂ ‘ಓ’. ದೊಡ್ಡವರು ಬಂದರೆ ಮಾತ್ರ ‘ವೊನ್’, ಅಂದರೆ ಅವರು. ಜೋ ಇಂಗ್ಲಿಷಿನಲ್ಲಿ ಏನೆಂದಳೋ, ಬಂದವರು ಯಾರೆಂದು ಬೀದಿಗೆ ಹೇಳುವ ಹೊಣೆ ಮೇಷ್ಟ್ರ ಮೇಲೆ ಬಿತ್ತು. ಸಿಲ್ವರ್ ಎಂದರೆ ಬೆಳ್ಳಿ, ಅಂದರೆ ಬೆಳ್ಳಿಗೂದಲು, ಅಂದರೆ ವಯಸ್ಸಾದವರು ಎಂದು ಅವರು ಮನಸ್ಸಿನಲ್ಲೇ ಮೂರು ಮೆಟ್ಟಿಲು ಹತ್ತಿ, ಎದೆಯುಬ್ಬಿಸಿ ಹೇಳಿದರು. “ನಮ್ಮ ಬಾಡಿಗೆಯವರ ಹೆಸರು ಜಫೀರಾ ಅಂತೆ. ಸಂಜೆ ಬರ್ತಾರಂತೆ, ಬೆಳಗ್ಗೆ ಹೋಗ್ತಾರಂತೆ.”

“ಅವರು ಅಂದ್ರೆ ಗಂಡಸೋ, ಹೆಂಗಸೋ?” ಎಂದರು ಇಯಾ ಮೊದೀನಾ.

“ಜಫೀರಾ ಅನ್ನೋ ಗಂಡಸನ್ನ ನೀನು ನೋಡಿದೀಯಾ?”

“ನಾನು ಗಂಡಸನ್ನೂ ನೋಡಿಲ್ಲ, ಹೆಂಗಸನ್ನೂ ನೋಡಿಲ್ಲ. ನೀವು ನೋಡಿದೀರಾ ಅಂತ ಕೇಳ್ತಿದೀನಿ.”

ಅಂದು ಬೀದಿಯಲ್ಲಿ ಬೇರೆ ಕೆಲಸ ನಡೆಯಲಿಲ್ಲ. ಅಕಾರಾ ಕಟ್ಟಿಸಿಕೊಂಡು ಹೋದವರೆಲ್ಲ ಜಫೀರಾಳನ್ನೂ ಕಟ್ಟಿಸಿಕೊಂಡು ಹೋದರು. ಹೆಸರು ನೋಡಿದರೆ ನಮ್ಮವಳೇ, ಮುಸ್ಲಿಂ ಹೆಣ್ಣು. ಇಂಗ್ಲೆಂಡಿನಲ್ಲಿ ಕೂದಲಿಗೆ ಬೆಳ್ಳಿ ಬಣ್ಣ ಹಚ್ಚಿಕೊಳ್ಳುವವರು ಮುದುಕಿಯರಲ್ಲ, ಹುಡುಗಿಯರು. ಹಗಲೆಲ್ಲ ಎಲ್ಲೋ ಹೋಗಿ ಸಂಜೆ ಬರುತ್ತಾಳೆ. ಯಾವ ಗಂಡಸು ಗುರುತಿಲ್ಲದ ಒಬ್ಬಳಿಗಾಗಿ ಅಪ್ಪನ ನೆಲ ಮಾರುತ್ತಾನೆ? ಮಧ್ಯಾಹ್ನದ ಹೊತ್ತಿಗೆ ಜಫೀರಾ ಬಾಡಿಗೆಯವಳಲ್ಲ, ಮೇಷ್ಟ್ರ ಎರಡನೆಯ ಹೆಂಡತಿ ಎಂಬುದು ಸಿದ್ಧವಾಯಿತು. ಸಂಜೆಯ ಹೊತ್ತಿಗೆ ಅವಳಿಗೆ ಒಂದು ಮಗುವೂ ಆಯಿತು. ಮೊದೀನಾ ಇಲೊರಿನ್‌ನಿಂದ ಫೋನು ಮಾಡಿ ತಮ್ಮನೋ ತಂಗಿಯೋ ಎಂದು ಕೇಳಿದಳು.

ಮೇಷ್ಟ್ರು ಈ ಸುದ್ದಿಯನ್ನು ಅಲ್ಲಗಳೆದರು, ಆದರೆ ಒಂದು ನಗು ಇಟ್ಟುಕೊಂಡು ಅಲ್ಲಗಳೆದರು. ಅದು ಸಾಬೀತಿಗಿಂತ ಕೆಟ್ಟದ್ದು. ಆ ವಾರ ಮಸೀದಿಯಲ್ಲಿ ಅವರಿಗೆ ಮುಂದಿನ ಸಾಲಿನಲ್ಲಿ ಜಾಗ ಬಿಟ್ಟರಂತೆ.

ಎರಡನೆಯ ಫೋನಿನಲ್ಲಿ ಜೋ ಇನ್ನಷ್ಟು ಹೇಳಿದಳು. ಎಲ್ಲ ಚೆನ್ನಾಗಿದೆ, ನೆಲದ ಮೇಲೆ ಸ್ವಲ್ಪ ಎಣ್ಣೆ ಬಿದ್ದಿತ್ತು, ಮರಳು ಹಾಕಿ ಒರೆಸಿದ್ದೇವೆ ಎಂದಳು. ಇದನ್ನು ಕೇಳಿದ ಇಯಾ ಮೊದೀನಾ ಒಲೆಯಿಂದ ಸೌದೆ ಹೊರಗೆಳೆದು, ಸೌಟು ಕೆಳಗಿಟ್ಟು, ಗಂಡನ ಕಡೆ ಪೂರ್ತಿ ತಿರುಗಿದರು.

“ಎಣ್ಣೆ ಚೆಲ್ಲೋದು ಯಾರು? ಕರಿಯೋರು. ಅಲ್ಲಿ ಕರಿಯೋದೇನು? ಊರಿನ ಹೆಸರಲ್ಲೇ ಡಾರ್ಲಿಂಗ್ ಇದೆ ಅಂದಾಗಲೂ ಸುಮ್ಮನಿದ್ದೆ. ಈಗ ನನ್ನ ವ್ಯಾಪಾರಾನೂ ಅವಳಿಗೆ ಹಾಕಿಕೊಟ್ರಾ?”

ಜೋ ಅಕಾರಾದ ಹೆಸರೆತ್ತಲಿಲ್ಲವಲ್ಲ ಎಂದರು ಮೇಷ್ಟ್ರು. ಹೆಸರೆತ್ತದೆ ಇರುವುದೇ ಗುಮಾನಿಗೆ ಕಾರಣ ಎಂದರು ಗಿರಾಕಿಗಳು.

ಒಂದು ವಾರ ಆಕೆ ಗಂಡನೊಡನೆ ಮಾತು ಬಿಟ್ಟರು. ಆಮೇಲೆ ಒಂದು ನಿರ್ಧಾರಕ್ಕೆ ಬಂದರು. ಅಲ್ಹಾಜಿಯ ಕಿರಿಯ ಮಗಳು ಸಿದಿಕಾ ಮುದುಕರನ್ನು ನೋಡಿಕೊಳ್ಳುವ ಕೆಲಸಕ್ಕೆ ಇಂಗ್ಲೆಂಡಿಗೆ ಹೊರಟಿದ್ದಳು. ಅವಳ ಕೆಲಸದ ಊರಿನಿಂದ ಡಾರ್ಲಿಂಗ್‌ಟನ್‌ಗೆ ರೈಲಿನಲ್ಲಿ ಸ್ವಲ್ಪ ಹೊತ್ತಿನ ದಾರಿ. ಇಬಾದಾನಿನಿಂದ ಹೊರಡುವ ಯಾರ ಪೆಟ್ಟಿಗೆಯೂ ಅವರ ಸ್ವಂತದ್ದಲ್ಲ. ಅದರಲ್ಲಿ ಅರ್ಧ ಬೀದಿಯ ಒಣಮೆಣಸಿನಕಾಯಿ ಇರುತ್ತದೆ. ಇಯಾ ಮೊದೀನಾ ಎಲುಬೊ ಎಂಬ ಒಣಗೆಣಸಿನ ಹಿಟ್ಟನ್ನು ಎರಡು ಪದರದ ಚೀಲದಲ್ಲಿ ಕಟ್ಟಿ, ಮೇಲೆ ಜಫೀರಾ ಎಂದು ಬರೆಸಿ, ಸಿದಿಕಾಳ ಕೈಗಿಟ್ಟರು. ಬಾಡಿಗೆಯವಳಾಗಿದ್ದರೆ ಧನ್ಯವಾದ ಹೇಳುತ್ತಾಳೆ, ಸವತಿಯಾಗಿದ್ದರೆ ಹಿಟ್ಟು ಸಾಲದು ಎನ್ನುತ್ತಾಳೆ ಎಂಬುದು ಆಕೆಯ ಪರೀಕ್ಷೆ. ಯಾವುದಕ್ಕೂ ಅವಳ ಮುಖ ಸರಿಯಾಗಿ ನೋಡಿಕೊಂಡು ಬಾ ಎಂದರು.

ಇದನ್ನು ಕೇಳಿ ಅಲ್ಹಾಜಿಗೆ ಒಂದು ಯೋಚನೆ ಹೊಳೆಯಿತು. ಮಗಳು ಹೇಗೂ ಹೋಗುತ್ತಾಳೆ, ಸಭೆಯ ದಿನವೇ ಹೋಗಿ ಫೋನಿನಲ್ಲಿ ವಿಡಿಯೋ ತೋರಿಸಿದರೆ ಸಂಘದ ಪರೀಕ್ಷೆಯೂ ಮುಗಿಯುತ್ತದೆ. ಆಸ್ತಿ ಸರಿಯಾಗಿದ್ದರೆ ಹಬ್ಬ ಮುಗಿದ ಮಾರನೆಯ ದಿನ ಜಗಲಿ ಖಾಲಿ. ಮೇಷ್ಟ್ರು ಕುಣಿದಾಡುತ್ತ ಒಪ್ಪಿದರು. ಇಡೀ ಬೀದಿ ತಮ್ಮ ಕಡಲನ್ನು ನೋಡಲಿ ಎಂದರು. ಮುಂದಿನ ಸಭೆ ಬಿದ್ದದ್ದು ಹಬ್ಬಕ್ಕೆ ಮೂರು ದಿನ ಮುಂಚೆ.

ಅಂದು ಫಲಾದೆ ಎಲ್ಲಿಂದಲೋ ದೊಡ್ಡ ಟಿವಿ ತರಿಸಿ ಅಂಗಳದ ಮೇಜಿನ ಮೇಲಿಟ್ಟಿದ್ದರು. ಮಾಲೀಕರು ಕುರ್ಚಿಗಳಲ್ಲಿ, ನಾವು ಕಿಟಕಿಗಳಲ್ಲಿ, ಇಯಾ ಮೊದೀನಾ ಜಗಲಿಯ ಅಂಚಿನಲ್ಲಿ. ಆಕೆ ಅಂದು ಒಲೆ ಹಚ್ಚಿರಲಿಲ್ಲ. ಬಾಣಲೆಯನ್ನು ತೊಳೆದು ಬೋರಲು ಹಾಕಿದ್ದರು.

ಪರದೆಯ ಮೇಲೆ ಮೊದಲು ಸಿದಿಕಾಳ ಮೂಗು ಬಂತು, ಆಮೇಲೆ ಮುಖ, ಆಮೇಲೆ ಒಂದು ಗೇಟು. ಬೇಲಿ ಇದೆ ಎಂದು ಫಲಾದೆ ಬರೆದುಕೊಂಡರು. ಕಾವಲಿನ ಬಿಳಿಯ ಮನುಷ್ಯ ಕಂಡ. ಕಾವಲು ಇದೆ ಎಂದು ಬರೆದುಕೊಂಡರು. ಆಮೇಲೆ ಬರೀ ಕಾರುಗಳು, ಸಾಲು ಸಾಲು.

“ಕಾರು ದಾಟಿ ಮನೆ ಹತ್ರ ಹೋಗಮ್ಮ” ಎಂದರು ಫಲಾದೆ.

ಕಾರು ದಾಟಿದರೆ ಗೋಡೆ, ಗೋಡೆಯ ಆಚೆ ರೈಲು ಎಂದಳು ಸಿದಿಕಾ.

“ಕಡಲು ಯಾವ ಕಡೆ ಬರುತ್ತೆ, ಮಗಳೇ?” ಎಂದರು ಮೇಷ್ಟ್ರು.

“ಯಾವ ಕಡಲು, ಬಾಬಾ?”

ಅವಳು ಕಾವಲಿನವನನ್ನು ಏನೋ ಕೇಳಿದಳು. ಅವನು ಕೈ ತೋರಿಸಿದ. ಪರದೆ ಅಲುಗಾಡುತ್ತ ಹೋಗಿ ನೆಲದ ಮೇಲೆ ನಿಂತಿತು. ಬಿಳಿ ಬಣ್ಣದಲ್ಲಿ ಎಳೆದ ಎರಡು ಗೆರೆ, ನಡುವೆ ಬಿಳಿಯಲ್ಲೇ ಬರೆದ ನಲವತ್ತೇಳು. ಅಂದು ರಜೆಯ ಶನಿವಾರವಾದ್ದರಿಂದ ಆ ಗೆರೆಗಳ ನಡುವೆ ಹಗಲಲ್ಲೂ ಬೆಳ್ಳಿ ಬಣ್ಣದ ಒಂದು ಕಾರು ನಿಂತಿತ್ತು. ಅದರ ಹೊಟ್ಟೆಯ ಕೆಳಗೆ ಅಂಗೈಯಗಲ ಮರಳು.

“ಬಾಬಾ ಮೊದೀನಾ” ಎಂದಳು ಸಿದಿಕಾ, ಬಹಳ ಮೆಲ್ಲಗೆ. “ಇಲ್ಲಿ ಬೇ ಅಂದ್ರೆ ಕಾರು ನಿಲ್ಲಿಸೋ ಜಾಗವಂತೆ. ಜಫೀರಾ ಅಂದ್ರೆ ಈ ಕಾರಿನ ಹೆಸರಂತೆ.”

ಎಲ್ಲೋ ಒಂದು ಕೋಳಿ ಕೂಗಲು ಹೊರಟು ಸುಮ್ಮನಾಯಿತು. ಆಗ ಸಿದಿಕಾ ಕೇಳಿದಳು.

“ಎಲುಬೊ ಹಿಟ್ಟು ಯಾರಿಗೆ ಕೊಡಲಿ?”

ಇಯಾ ಮೊದೀನಾ ಜಗಲಿಯ ಅಂಚಿನಿಂದ ಪರದೆಯನ್ನು ತುಂಬ ಹೊತ್ತು ನೋಡಿದರು. ಅಕನ್ರಾನ್ ರಸ್ತೆಯ ಎರಡು ಕೋಣೆ, ಒಂದು ಅಡುಗೆಮನೆ ಆ ಎರಡು ಗೆರೆಗಳ ನಡುವೆ ನಿಂತಿದ್ದನ್ನು ನೋಡಿದರು. “ನೀನೇ ಇಟ್ಕೋ, ಮಗಳೇ” ಎಂದರು. “ಆ ಜಫೀರಾಗೆ ಹಲ್ಲಿಲ್ಲ.”

ಯಾರೋ ನಕ್ಕರು. ನಗು ಕಿಟಕಿಯಿಂದ ಕಿಟಕಿಗೆ ಹೋಯಿತು. ಆದರೆ ಕುರ್ಚಿಗಳಲ್ಲಿ ಯಾರೂ ನಗುತ್ತಿಲ್ಲ ಎಂಬುದು ಸ್ವಲ್ಪ ತಡವಾಗಿ ನಮಗೆ ಗೊತ್ತಾಯಿತು. ಮಾಲೀಕರು ಮುಂದಕ್ಕೆ ಬಾಗಿ ಪರದೆ ನೋಡುತ್ತಿದ್ದರು. ಅವರ ಮುಖದಲ್ಲಿ ಭಕ್ತಿಯಂಥದೇನೋ ಇತ್ತು. ಈ ಬಾಡಿಗೆಯವರು ನೀರು ಕೇಳುತ್ತಾರೆಯೇ ಎಂದು ಒಬ್ಬರು ವಿಚಾರಿಸಿದರು. ಇಲ್ಲ. ಸೂರು ಸೋರುತ್ತದೆ ಎನ್ನುತ್ತಾರೆಯೇ? ಸೂರೇ ಇಲ್ಲ. ಹೆರಿಗೆಗೆ ತಂಗಿಯನ್ನು ಕರೆತಂದು ಇಟ್ಟುಕೊಳ್ಳುತ್ತಾರೆಯೇ? ಇಲ್ಲ. ದೀಪ ತೋರಿಸು ಎಂದರು ಇನ್ನೊಬ್ಬರು. ಸಿದಿಕಾ ಫೋನು ಮೇಲೆತ್ತಿದಳು. ನಡು ಮಧ್ಯಾಹ್ನದಲ್ಲಿ, ಯಾರಿಗೂ ಬೇಡದೆ, ಕಂಬದ ಮೇಲೆ ದೀಪ ಉರಿಯುತ್ತಿತ್ತು. ಎಲ್ಲ ಕುರ್ಚಿಗಳಿಂದ ಒಂದೇ ನಿಟ್ಟುಸಿರು ಬಂತು.

ಫಲಾದೆ ಗಂಟಲು ಸರಿಪಡಿಸಿಕೊಂಡು ವರದಿ ಓದಿದರು. ಜಾಗ ಇದೆ. ಬಾಡಿಗೆಗೆ ನಿಂತಿರುವುದು ಇದೆ. ಬಾಡಿಗೆ ಬರುತ್ತಿದೆ. ಬಾಡಿಗೆಯವರು ಉಸಿರಾಡಬೇಕೆಂದು ನಿಯಮದಲ್ಲಿಲ್ಲ. ಆದ್ದರಿಂದ ಸದಸ್ಯ ಸುಬೇರು ಅಜಾದಿ ಎಲ್ಲ ರೀತಿಯಿಂದಲೂ ಲ್ಯಾಂಡ್‌ಲಾರ್ಡ್, ಅವರ ಎರಡರಷ್ಟು ವಂತಿಗೆಯೂ ಹಾಗೇ ಮುಂದುವರಿಯತಕ್ಕದ್ದು. ಎಲ್ಲರೂ ಚಪ್ಪಾಳೆ ತಟ್ಟಿದರು.

ಅಲ್ಹಾಜಿ ನಿಧಾನವಾಗಿ ಮೇಷ್ಟ್ರ ಕಡೆ ತಿರುಗಿದರು. “ಅಭಿನಂದನೆ, ಲ್ಯಾಂಡ್‌ಲಾರ್ಡ್. ಹಾಗಾದ್ರೆ ಹಬ್ಬ ಮುಗಿದ ಮೇಲೆ.”

ಮೇಷ್ಟ್ರು ಹೆಂಡತಿಯ ಕಡೆ ನೋಡಿದರು. ಆಕೆ ಬೋರಲು ಹಾಕಿದ ಬಾಣಲೆಯ ಮೇಲೆ ಕೈಯಿಟ್ಟುಕೊಂಡು ಬೇರೆಲ್ಲೋ ನೋಡುತ್ತಿದ್ದರು. ಆಗ ಮೇಷ್ಟ್ರು ಎದ್ದು ನಿಂತು ತಮ್ಮ ಜೀವನದ ಅತ್ಯಂತ ದೊಡ್ಡ ಪಾಠ ಮಾಡಿದರು. ಮೂರು ಕಡೆ ನೆಲ, ಒಂದು ಕಡೆ ಕಡಲು ಇದ್ದರೆ ಮಾತ್ರ ಅದು ಬೇ. ಇಲ್ಲಿ ನಾಲ್ಕು ಕಡೆಯೂ ಕಾರು. ಆದ್ದರಿಂದ ಅದು ಬೇ ಅಲ್ಲ. ಬೇ ಅಲ್ಲದ್ದನ್ನು ಬೇ ಎಂದು ಕೊಂಡ ಮೇಲೆ ತಾನು ಕೊಂಡದ್ದು ಏನೂ ಅಲ್ಲ. ಏನೂ ಇಲ್ಲದವನು ಲ್ಯಾಂಡ್‌ಲಾರ್ಡ್ ಅಲ್ಲ. ತನ್ನನ್ನು ದಯವಿಟ್ಟು ಸಂಘದಿಂದ ತೆಗೆದುಹಾಕಬೇಕು.

ಸಂಘ ಒಪ್ಪಲಿಲ್ಲ. ಸದಸ್ಯತ್ವ ಹೋಗುವುದು ಆಸ್ತಿ ಮಾರಿದಾಗ ಅಥವಾ ಸತ್ತಾಗ ಮಾತ್ರ ಎಂದರು ಫಲಾದೆ. ಎರಡರಲ್ಲಿ ಯಾವುದನ್ನು ಆರಿಸಿಕೊಳ್ಳುತ್ತೀರಿ ಎಂದು ಕೇಳುವ ಹಾಗೆ ಪೆನ್ನು ಹಿಡಿದುಕೊಂಡರು. ಟ್ರಾನ್ಸ್‌ಫಾರ್ಮರಿಗೆ ಮುಂಗಡ ಕೊಟ್ಟಾಗಿತ್ತು. ಎರಡರಷ್ಟು ಕೊಡುವವರನ್ನು ಯಾವ ಸಂಘವೂ ಬಿಟ್ಟುಕೊಡುವುದಿಲ್ಲ. ಅಗ್ಬಾದಾದ ತೋಳು ಮೇಲೆ ನಿಲ್ಲದೆ ಜಾರುತ್ತಿತ್ತು. ಮೇಷ್ಟ್ರು ಅದನ್ನು ಎತ್ತೆತ್ತಿ ಹಾಕಿಕೊಳ್ಳುತ್ತ, ನಾನು ಬಾಡಿಗೆದಾರ, ನಾನು ಬಾಡಿಗೆದಾರ ಎಂದು ಪ್ರತಿಯೊಂದು ಕುರ್ಚಿಯ ಮುಂದೆಯೂ ನಿಂತು ಹೇಳಿದರು. ಆ ಮಾತನ್ನು ಅಷ್ಟು ಸ್ಪಷ್ಟವಾಗಿ ನಮ್ಮ ಬೀದಿಯಲ್ಲಿ ಯಾರೂ ಹೇಳಿಕೊಂಡದ್ದಿಲ್ಲ.

ಕೊನೆಗೆ ಅಲ್ಹಾಜಿ ಕೈಯೆತ್ತಿದರು. ಪರದೆಯ ಕಡೆ ನೋಡಿ ಮಗಳನ್ನು ಕೇಳಿದರು. “ಸಿದಿಕಾ, ಆ ಗೆರೆ ಒಳಗೆ ಮನುಷ್ಯ ಚಾಪೆ ಹಾಸಿ ಮಲಗಬಹುದಾ?”

ಸಿದಿಕಾ ಕಾವಲಿನವನನ್ನು ಕೇಳಿದಳು. ಮಲಗಿದರೆ ಪೊಲೀಸರನ್ನು ಕರೆಯುತ್ತಾರಂತೆ ಎಂದಳು.

“ಬರ್ಕೊಳ್ಳಿ, ಸೆಕ್ರೆಟರಿ” ಎಂದರು ಅಲ್ಹಾಜಿ. “ಇವನು ಲ್ಯಾಂಡ್‌ಲಾರ್ಡ್. ಸಂಘ ಹೇಳಿದೆ, ನಾನು ಇಲ್ಲ ಅನ್ನಲ್ಲ. ಆದ್ರೆ ತನ್ನ ಮನೇಲಿ ಮಲಗಿದ್ರೆ ಪೊಲೀಸರು ಎತ್ಕೊಂಡು ಹೋಗೋ ಲ್ಯಾಂಡ್‌ಲಾರ್ಡನ್ನ ನಾನು ಎಲ್ಲಿಗೆ ಕಳಿಸಲಿ? ಇಂಥವನಿಗೂ ಒಬ್ಬ ಲ್ಯಾಂಡ್‌ಲಾರ್ಡ್ ಬೇಕು.”

ಅಷ್ಟು ಹೇಳಿ ಅವರು ಎದ್ದು ಒಳಗೆ ಹೋದರು. ಸಭೆ ಮುಗಿಯಿತು. ಕತ್ತಲಾಗುವ ಮುನ್ನ ಮೂವರು ಮಾಲೀಕರು ಒಬ್ಬರಿಗೊಬ್ಬರು ಕಾಣದ ಹಾಗೆ ಬಂದು, ಆ ಟೈ ಕಟ್ಟಿದ ಯುವಕನ ಫೋನ್ ನಂಬರ್ ಇದೆಯೇ ಎಂದು ಮೇಷ್ಟ್ರನ್ನು ಕೇಳಿದರು. ನಾಲ್ಕನೆಯವರು ಫಲಾದೆ. ಬರಿದೇ ದಾಖಲೆಗಾಗಿ ಎಂದರು.

ಮರುದಿನ ಬೆಳಗ್ಗೆ ಅಲ್ಹಾಜಿ ಹಲ್ಲುಕಡ್ಡಿ ಇಟ್ಟುಕೊಂಡು ಅಂಗಳಕ್ಕೆ ಬಂದರು. ಎಂದಿಗಿಂತ ಬೇಗ ಬಂದರು, ಎಂದಿಗಿಂತ ಹೆಚ್ಚು ಹೊತ್ತು ನಿಂತರು. ಜಗಲಿಯಲ್ಲಿ ಒಲೆ ಹೊತ್ತಿತ್ತು. ಇಯಾ ಮೊದೀನಾ ಹಿಟ್ಟು ಕಡೆದು ಕಡೆದು ಹಗುರ ಮಾಡುತ್ತಿದ್ದರು. ಎಣ್ಣೆಗೆ ಮಾತ್ರ ಇನ್ನೂ ಬಿಟ್ಟಿರಲಿಲ್ಲ. ಗಿರಾಕಿಗಳೂ ಅವಸರ ಮಾಡಲಿಲ್ಲ.

ಮೇಷ್ಟ್ರು ಹೊರಗೆ ಬಂದರು. ಅಂಗಳ ದಾಟಿದರು. ಮೊಣಕಾಲು ಹಿಡಿದುಕೊಂಡಿತ್ತೆಂದು ಕಾಣುತ್ತದೆ, ಬಾಗುವುದು ಎರಡು ಕಂತಿನಲ್ಲಿ ನಡೆಯಿತು. ಆದರೆ ಕೈ ನೆಲ ಮುಟ್ಟಿತು. ನಿದ್ದೆ ಹೇಗೆ, ಮನೆಯವರು ಹೇಗೆ, ಸಿದಿಕಾ ಹೇಗೆ ಎಂದು ಒಂದೊಂದಾಗಿ ಕೇಳಿದರು. ಅಲ್ಹಾಜಿ ಒಂದೊಂದಕ್ಕೂ ಉತ್ತರ ಕೊಟ್ಟರು. ಆಮೇಲೆ ಹಲ್ಲುಕಡ್ಡಿ ತೆಗೆದು ತಾವೂ ವಿಚಾರಿಸಿದರು.

“ನಿನ್ನ ಬಾಡಿಗೆಯವರು ಹೇಗಿದಾರೆ?”

ಮೇಷ್ಟ್ರು ತಲೆಯೆತ್ತಲಿಲ್ಲ.

“ಚೆನ್ನಾಗಿದಾರೆ, ಲ್ಯಾಂಡ್‌ಲಾರ್ಡ್. ನಿಮ್ಮನ್ನ ಕೇಳಿದೆ ಅಂತ ಹೇಳೋಕೆ ಹೇಳಿದಾರೆ.”

“ನಾನೂ ಕೇಳಿದೆ ಅನ್ನು” ಎಂದರು ಅಲ್ಹಾಜಿ.

ಹಿಟ್ಟು ಎಣ್ಣೆಗೆ ಬಿತ್ತು.